ಬಿತ್ತದೆ ಬಂದ ಬೆಳೆ

ಭರಣಿಯ ಮಳೆ ಎರಡು ಸಲ ಚೆನ್ನಾಗಿ ಹುಯ್ದರೆ ಸಾಕು, ಮೈಸೂರಿನ ಹಳೆಯ ಬಡಾವಣೆಯ ಆ ಮನೆಯ ಹಿತ್ತಿಲಿಗೆ ಜೀವ ಬಂದುಬಿಡುತ್ತದೆ. ದುಡ್ಡು ಕೊಟ್ಟು ತಂದು ನೆಟ್ಟ ಗುಲಾಬಿ ಮುಖ ಬಾಡಿಸಿಕೊಂಡು ನಿಂತಿದ್ದರೆ, ಯಾರೂ ಬಿತ್ತದ, ಯಾರೂ ನೀರೆರೆಯದ ನೂರಾರು ಸಸಿಗಳು ಅದರ ಸುತ್ತ ತಲೆಯೆತ್ತುತ್ತವೆ. ಕೆಲವನ್ನು ಗಾಳಿ ತಂದಿರುತ್ತದೆ, ಕೆಲವನ್ನು ಹಕ್ಕಿಗಳು ತಂದಿರುತ್ತವೆ; ಕೆಲವು ಗೊಬ್ಬರದ ಬುಟ್ಟಿಯಲ್ಲಿ ಕುಳಿತು ಬಂದಿರುತ್ತವೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಸರಕಾರಿ ಕಚೇರಿಯಲ್ಲಿ ಕಡತ ತಿರುವಿ ನಿವೃತ್ತರಾದ ರಾಯರಿಗೆ, ಅರ್ಜಿ ಹಾಕದೆ ಒಳಗೆ ಬಂದವರನ್ನು ಕಂಡರೆ ಸಹನೆಯಿರಲಿಲ್ಲ. ನಿವೃತ್ತಿಯಾದ ವರ್ಷವೇ, ಶ್ರಾವಣದಲ್ಲಿ, ಕೂಲಿಯಾಳನ್ನು ಕರೆಯಿಸಿ ಹಿತ್ತಿಲನ್ನೆಲ್ಲ ಅಂಗೈಯಂತೆ ನುಣ್ಣಗೆ ಮಾಡಿಸಿದರು. ಸಂಜೆ ಅವರ ವೃದ್ಧ ತಾಯಿ ಕೋಲೂರಿಕೊಂಡು ಹಿತ್ತಿಲ ಬಾಗಿಲಿಗೆ ಬಂದು, ಬಹಳ ಹೊತ್ತು ಸುಮ್ಮನೆ ನಿಂತಿದ್ದರು.

“ಅಲ್ಲಿ ತುಂಬೆ ಇತ್ತಲ್ಲೋ! ನಾಳೆ ಸೋಮವಾರ. ಈಶ್ವರನಿಗೆ ಏನು ಏರಿಸಲಿ?”

“ಮಾರುಕಟ್ಟೆಯಿಂದ ಹೂವು ತರುತ್ತೇನಮ್ಮ.”

“ಶಿವರಾತ್ರಿ ಬಿಟ್ಟರೆ ತುಂಬೆಯ ಹೂವನ್ನು ಯಾರಪ್ಪ ಮಾರುತ್ತಾರೆ?”

ರಾಯರು ಉತ್ತರ ಕೊಡಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಬಂದ ಗಣೇಶನ ಹಬ್ಬಕ್ಕೆ ದೇವರಾಜ ಮಾರುಕಟ್ಟೆಯಲ್ಲಿ ಗರಿಕೆ, ಉತ್ತರಣೆಗಳನ್ನು ಚೌಕಾಶಿ ಮಾಡಿ ಕೊಳ್ಳುವಾಗ, ಕೀಳಿಸುವುದಕ್ಕೆ ಒಮ್ಮೆ, ಕೊಳ್ಳುವುದಕ್ಕೆ ಇನ್ನೊಮ್ಮೆ ಹಣ ಕೊಟ್ಟಂತಾಯಿತೆಂಬುದು ಅವರಿಗೆ ಹೊಳೆಯದೆ ಇರಲಿಲ್ಲ.

ಮರುವರ್ಷ ಅವರು ಹೊಸ ಕಾನೂನು ಮಾಡಿದರು: ಹೂ ಬಿಟ್ಟು ಹೆಸರು ತಿಳಿಯುವ ತನಕ ಯಾವ ಗಿಡವನ್ನೂ ಕೀಳಕೂಡದು. ತಾಯಿ ಮೆಟ್ಟಿಲ ಮೇಲೆ ಕುಳಿತು ಹೇಳುತ್ತ ಹೋದರು. ರಾಯರು ಹಳೆಯ ಅಭ್ಯಾಸದಂತೆ ಪುಸ್ತಕದಲ್ಲಿ ಬರೆದುಕೊಂಡರು. ಕಡ್ಡಿಯನ್ನು ಮಗುಚಿ ನೋಡಿದರೆ ಎಲೆಯ ಕೆಳಗೆ ಸಾಲಾಗಿ ಸಾಸಿವೆಯಂಥ ಕಾಯಿ ಕಾಣುವುದು ನೆಲನೆಲ್ಲಿ. ಆಕೆಯ ಹಳ್ಳಿಯಲ್ಲಿ ಕಾಮಾಲೆಗೆ ಇದನ್ನೇ ಅರೆದು ಕೊಡುತ್ತಿದ್ದರಂತೆ. ಬಚ್ಚಲ ನೀರು ಹರಿಯುವ ಕಡೆ ಹಬ್ಬಿದ್ದು ಹೊನಗೊನೆ. ಕಪ್ಪು ಹಣ್ಣಿನದು ಗಣಿಕೆ. ಹಣ್ಣಾಗದ ಕಾಯಿಯನ್ನು ಮಕ್ಕಳ ಕೈಗೆ ಕೊಡಬಾರದು. ಇಂಥ ನಾಲ್ಕಾರು ಸೊಪ್ಪುಗಳನ್ನು ಬಿಡಿಸಿ ಸೊಸೆಯ ಕೈಲಿ ಬೆರಕೆ ಸೊಪ್ಪಿನ ಸಾರು ಮಾಡಿಸಿದ ದಿನ ರಾಯರು ಎರಡು ಸಲ ಅನ್ನ ಹಾಕಿಸಿಕೊಂಡರು. ಮೂಲೆಯ ಎಕ್ಕದ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳುಗಳು ಕಾಣಿಸಿಕೊಂಡವು. ಕೆಲವು ದಿನಗಳಲ್ಲಿ ಅವು ಕಿತ್ತಳೆ ಬಣ್ಣದ ಚಿಟ್ಟೆಗಳಾಗಿ ಹಾರಿದುದನ್ನು ಮೊಮ್ಮಗಳು ಕುಣಿದಾಡುತ್ತ ನೋಡಿದಳು.

ಕಾನೂನು ಇಷ್ಟು ಸೊಗಸಾಗಿ ನಡೆಯುತ್ತಿರುವಾಗಲೇ ಅದರ ದೋಷ ಹೊರಬಿದ್ದಿತು. ಗುಲಾಬಿಯ ಪಕ್ಕದಲ್ಲಿ ಸೇವಂತಿಗೆಯಂತೆ ಸೀಳುಸೀಳಾದ ಎಲೆಗಳ ಸಸಿಯೊಂದು ನೆಲಕ್ಕೊರಗಿ ಹರಡಿತ್ತು. ತಾಯಿಗೆ ಅದರ ಗುರುತು ಸಿಗಲಿಲ್ಲ. ಸೇವಂತಿಗೆಯೇ ಇರಬೇಕೆಂದು ರಾಯರು ಅದಕ್ಕೆ ದಿನವೂ ನೀರೆರೆದರು. ಮಗಳ ಮನೆಗೆ ಹೋಗಿ ತಿಂಗಳ ಮೇಲೆ ಹಿಂದಿರುಗಿದಾಗ ಗಿಡ ಸೊಂಟದೆತ್ತರ ಬೆಳೆದು, ಅಕ್ಕಿಯ ನುಚ್ಚನ್ನು ಚೆಲ್ಲಿದಂತೆ ಬೆಳ್ಳಗೆ ಹೂ ಬಿಟ್ಟಿತ್ತು.

“ಇದನ್ನು ನೋಡಿದಿರಾ? ನೀವು ಸಾಕಿದ ಸೇವಂತಿಗೆ ಕಾಂಗ್ರೆಸ್ ಗಿಡ!” ಎಂದರು ಮಡದಿ.

ಅವಮಾನದಿಂದ ರಾಯರು ಅದನ್ನು ಬರಿಗೈಯಲ್ಲೇ ಕಿತ್ತೆಸೆದರು. ಮರುದಿನ ಮುಂಗೈ, ಕತ್ತು ಕೆಂಪಗೆ ಊದಿ ಉರಿಯತೊಡಗಿತು. “ಯಾವ ಗಿಡ ಮುಟ್ಟಿದಿರಿ?” ಎಂಬುದೇ ವೈದ್ಯರ ಮೊದಲ ಪ್ರಶ್ನೆ.

ತಾಯಿಗೆ ಅದರ ಗುರುತು ಸಿಗದಿದ್ದುದು ಸಹಜವೇ. ಅಮೆರಿಕ ಖಂಡದ ಮೂಲದ ಈ ಪಾರ್ಥೇನಿಯಂ ಪುಣೆಯಲ್ಲಿ ಕಣ್ಣಿಗೆ ಬಿದ್ದುದು 1955ರ ಸುಮಾರಿಗೆ. ಆಕೆಯ ಬಾಲ್ಯದ ಹೊಲಗದ್ದೆಗಳಲ್ಲಿ ಅದು ಇರಲಿಲ್ಲ. ಮುಂದೆ ಆಕೆ ಪೇಟೆಯ ಮನೆಯೊಳಗಿದ್ದಾಗ ಅದು ಹೊರಗೆ ನಾಡನ್ನೆಲ್ಲ ಹಬ್ಬಿತು. ಅದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯೊಂದನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ಎಲೆಯನ್ನು ಮೇಯುತ್ತದೆ, ಆದರೂ ಗಿಡ ಉಳಿದಿದೆ. ಒಂದೊಂದು ಗಿಡವೂ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು ಮೊಳೆಯಬಲ್ಲದು. ರಾಯರ ಒಂದು ತಿಂಗಳ ಔದಾರ್ಯದ ಸಾಲವನ್ನು ಹಿತ್ತಿಲು ಎಷ್ಟೋ ಮಳೆಗಾಲ ತೀರಿಸಬೇಕು.

ಕಾನೂನಿಗೆ ತಿದ್ದುಪಡಿಯಾಯಿತು. ಎಲ್ಲ ಗಿಡಗಳಿಗೂ ಹೂ ಬಿಡುವ ತನಕ ಅವಕಾಶ. ಇದೊಂದಕ್ಕೆ ಮಾತ್ರ ಹೂ ಬಿಡುವುದರೊಳಗಾಗಿ, ಕೈಗೆ ಚೀಲ ಕಟ್ಟಿಕೊಂಡು, ಬೇರುಸಹಿತ ವಿದಾಯ. ಸಹನೆಗೂ ಅವಸರಕ್ಕೂ ಒಂದೊಂದು ಕಾಲವಿದೆ. ಎರಡನ್ನೂ ಬೇರ್ಪಡಿಸಲು ಎಲೆಯ ಪರಿಚಯವೊಂದೇ ದಾರಿ.

ಉಳಿದದ್ದು ಕಾಂಪೌಂಡ್ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿ. ಬಿಟ್ಟರೆ ಗೋಡೆ ಹೋದೀತು. ಕಡಿದರೆ ತಾಯಿಯ ಮನಸ್ಸು ನೊಂದೀತು. ಬೆರಳುದ್ದವಿರುವಾಗಲೇ ನೀರು ಹನಿಸಿ, ಬೇರನ್ನು ಮೆಲ್ಲಗೆ ಬಿಡಿಸಿ, ರಾಯರು ಅದನ್ನು ಕುಂಡಕ್ಕೆ ವರ್ಗ ಮಾಡಿದರು. ತಪ್ಪು ಗಿಡದ್ದಲ್ಲ, ಸ್ಥಳದ್ದು. ಬೆಳೆದ ಮೇಲೆ ಊರಿನ ಕೆರೆಯ ಏರಿಗೆ ಒಯ್ಯುವುದೆಂದು ತೀರ್ಮಾನವಾಗಿದೆ.

ಈ ವರ್ಷ ತಾಯಿಗೆ ಮೆಟ್ಟಿಲಿಳಿಯಲು ಆಗುವುದಿಲ್ಲ. ರಾಯರು ಎಲೆಯೊಂದನ್ನು ಚಿವುಟಿ ಮಂಚದ ಬಳಿಗೇ ಒಯ್ಯುತ್ತಾರೆ. ಆಕೆ ಬೆರಳಲ್ಲಿ ಹೊಸಕಿ, ಮೂಸಿ, ಹೆಸರು ಹೇಳುತ್ತಾರೆ. ಮೊನ್ನೆ ಒಯ್ದ ಎಲೆಯನ್ನು ಎರಡು ಸಲ ಮೂಸಿ, “ಇದು ಗೊತ್ತಿಲ್ಲ ಮಗು, ನೀನೇ ಕಾದು ನೋಡು” ಎಂದರು.

ಸೇವಂತಿಗೆಯ ಎಲೆಯಂತಿಲ್ಲವೆಂದು ಎರಡೆರಡು ಬಾರಿ ಖಚಿತಪಡಿಸಿಕೊಂಡು ರಾಯರು ಪುಸ್ತಕದಲ್ಲಿ ಬರೆದರು: “ಹೆಸರು: ಬಾಕಿ. ಆದೇಶ: ಹೂ ಬಿಟ್ಟ ಮೇಲೆ.”