ಮುಚ್ಚಿದ ಕಡತ

ನಮ್ಮ ತಂಗಿಯ ಮೊಮ್ಮಗನು ಎಂಜಿನಿಯರಿಂಗ್ ವಿದ್ಯಾರ್ಥಿ. ರಜೆಗೆ ನಮ್ಮಲ್ಲಿಗೆ ಬಂದಾಗ ಗಣಕಯಂತ್ರದೊಡನೆ ಒಂದು ಸ್ಟೀರಿಂಗನ್ನೂ ಮೂರು ಪೆಡಲುಗಳನ್ನೂ ಹೊತ್ತು ತಂದನು. ಮಠದಲ್ಲಿ ಓದಿ, ಓಲೆಗರಿಗಳ ನಡುವೆ ತಲೆ ನರೆಸಿಕೊಂಡ ನಾವು ಇದನ್ನು ಹುಡುಗಾಟವೆಂದೇ ಎಣಿಸಿದ್ದೆವು.

ಅದು ಇಟಲಿಯ ಕುನೋಸ್ ಸಂಸ್ಥೆಯು 2014ರಲ್ಲಿ ಹೊರತಂದ 'ಅಸೆಟ್ಟೊ ಕೋರ್ಸಾ' ಎಂಬ ಕಾರುಪಂದ್ಯದ ಆಟ. ಸಂಸ್ಥೆಯ ಕಾರುಗಳಲ್ಲದೆ ಹವ್ಯಾಸಿಗಳು ರಚಿಸಿದ ಕಾರುಗಳನ್ನೂ ಅದರಲ್ಲಿ ಓಡಿಸಬಹುದು. ಅವಕ್ಕೆ 'ಮಾಡ್' ಎನ್ನುವರು. ಕಾರಿನ ತೂಕ, ಟೈರಿನ ಹಿಡಿತ, ಬ್ರೇಕಿನ ಬಲ ಎಲ್ಲವೂ ಕಡತಗಳಲ್ಲಿ ಅಂಕೆಗಳಾಗಿ ಇರುತ್ತವೆ.

ಹುಡುಗನು ತಂದಿದ್ದ ಮಾಡ್ ಕಾರಿಗೆ ಒಂದು ರೋಗ. 5.793 ಕಿ.ಮೀ. ಉದ್ದದ ಮೋಂಜಾ ಪಥದಲ್ಲಿ, ನೇರ ಹಾದಿ ಮುಗಿದು ಮೊದಲ ತಿರುವಿಗೆ ಬಲವಾಗಿ ಬ್ರೇಕ್ ಒತ್ತಿದೊಡನೆ ಹಿಂಬದಿ ಜಾರಿ ಕಾರು ಬುಗುರಿಯಂತೆ ಸುತ್ತುತ್ತಿತ್ತು. ಅವನು ಟೈರಿನ ಅಂಕೆ ತಿದ್ದಿದನು, ಸ್ಪ್ರಿಂಗಿನದು ತಿದ್ದಿದನು, ಹಿಂದಿನ ರೆಕ್ಕೆಯದೂ ತಿದ್ದಿದನು. ಪ್ರತಿ ಸಲವೂ, "ಅಜ್ಜಾ, ಈಗ ಸ್ವಲ್ಪ ಸುಧಾರಿಸೇತಿ ನೋಡ್ರಿ" ಎನ್ನುವನು; ಮರುಕ್ಷಣ ಕಾರು ಪಥದ ಹೊರಗೆ.

"ತಮ್ಮಾ, ಮೆಲ್ಲಗ ಬ್ರೇಕ್ ಒತ್ತಿದರೂ ಹಿಂಗ ಆಗತೈತೇನು?" ಎಂದು ಕೇಳಿದೆವು. ಇಲ್ಲವೆಂದನು. ಬ್ರೇಕ್ ಹಿಡಿದಾಗ ಭಾರವು ಮುಂದಕ್ಕೆ ಸರಿದು ಹಿಂದಿನ ಚಕ್ರಗಳು ಹಗುರವಾಗುತ್ತವೆ, ಆಗ ಅವೇ ಮೊದಲು ಕಚ್ಚಿನಿಂತರೆ ಕಾರು ತಿರುಗದೆ ಇರದು ಎಂದು ಅವನೇ ವಿವರಿಸಿದನು. ಬ್ರೇಕಿನ ಕಡತ ತೆರೆದಾಗ ಮುಂದಿನ ಚಕ್ರಗಳ ಪಾಲು 0.45 ಎಂದಿತ್ತು. ಅದನ್ನು ಪೂರ್ತಿ 1 ಮಾಡಿ ನೋಡೆಂದೆವು. ಆಗ ಮುಂದಿನ ಚಕ್ರಗಳೇ ಕಚ್ಚಿ, ಕಾರು ತಿರುಗದೆ ನೆಟ್ಟಗೆ ಹೋಗಬೇಕಿತ್ತು. ಹೋಗಲಿಲ್ಲ; ಹಿಂದಿನಂತೆಯೇ ಸುತ್ತಿತು!

ಅಂದರೆ ಆಟವು ಈ ಕಡತವನ್ನು ಓದುತ್ತಲೇ ಇರಲಿಲ್ಲ. ಅದೇ ಕಾರಿನಲ್ಲಿ 'ಡೇಟಾ ಎಸಿಡಿ' ಎಂಬ ಕಟ್ಟಿಟ್ಟ ಕಡತವೊಂದಿತ್ತು. ಅದು ಇರುವತನಕ ಆಟವು ಅದನ್ನೇ ಓದುವುದು, ಬಿಚ್ಚಿಟ್ಟ ಕಡತಗಳತ್ತ ನೋಡದು. ಹುಡುಗನು ಅದರ ಹೆಸರು ಬದಲಿಸಿ, ತಾನು ತಿದ್ದಿದ್ದೆಲ್ಲವನ್ನೂ ಮೊದಲಿನಂತೆ ಮಾಡಿ, ಬ್ರೇಕಿನ ಅಂಕೆಯೊಂದನ್ನೇ 0.62 ಮಾಡಿದನು. ಕಾರು ಬಾಲ ಮುದುರಿದ ಹಸುವಿನಂತೆ ತಿರುವಿಗೆ ಬಂದಿತು.

ಅವನು ಕುಣಿದಾಡಿದನು. ನಮಗೆ ನಗು ಬರಲಿಲ್ಲ. ಯಂತ್ರವು ಓದಿಯೇ ಇರದ ತಿದ್ದುಪಡಿಯಿಂದ 'ಸುಧಾರಿಸೇತಿ' ಎಂದು ಮೂರು ದಿನ ಕಂಡವನ ಕಣ್ಣು ನಮ್ಮದೂ ಆಗಿತ್ತು. ಹಿಂದೊಮ್ಮೆ ನಾವು ಸಂಪಾದಿಸಿದ ಕೃತಿಯಲ್ಲಿ ಅರ್ಥವಾಗದ ಒಂದು ಶಬ್ದಕ್ಕೆ ಎರಡು ಪುಟ ವ್ಯಾಖ್ಯಾನ ಬರೆದು ಸಭೆಗಳಲ್ಲಿ ಹೊಗಳಿಸಿಕೊಂಡಿದ್ದೆವು. ಬಳಿಕ ದೊರೆತ ಹಳೆಯ ಪ್ರತಿಯಲ್ಲಿ ಆ ಶಬ್ದವೇ ಇರಲಿಲ್ಲ. ಅದು ಲಿಪಿಕಾರನ ಕೈತಪ್ಪು. ಮರುಮುದ್ರಣಕ್ಕೆ ಪ್ರಕಾಶಕರು ಬರೆದ ಕಾಗದಕ್ಕೆ ಆರು ತಿಂಗಳಿಂದ ಉತ್ತರಿಸಿರಲಿಲ್ಲ.

ಅಂದು ರಾತ್ರಿ ಪೂಜೆ ಮುಗಿಸಿ, ಆ ಎರಡು ಪುಟಗಳನ್ನು ತೆಗೆದುಹಾಕಿ ಕಾರಣವನ್ನು ಮುನ್ನುಡಿಯಲ್ಲಿಯೇ ಅಚ್ಚುಮಾಡಬೇಕೆಂದು ಬರೆದು ಕಾಗದ ಮಡಿಸಿದೆವು. ಪಕ್ಕದ ಕೋಣೆಯಲ್ಲಿ ಹುಡುಗನಿನ್ನೂ ಮೋಂಜಾ ಸುತ್ತುತ್ತಿದ್ದನು.