ಎಂಜಿನ್ ತಿರುಗುವಷ್ಟು ದಮ್ಮು

ನಮ್ಮ ಮನೆಯಲ್ಲಿ ಬಿರ್ಯಾನಿಯ ದಮ್ಮಿಗೆ ಗಡಿಯಾರ ನೋಡುತ್ತಿರಲಿಲ್ಲ, ಕರ್ನಾಟಕ ಎಕ್ಸ್‌ಪ್ರೆಸ್ ನೋಡುತ್ತಿದ್ದೆವು.

ಪುಣೆ ಸೀಮೆಯ ದೌಂಡದ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಿಂದ ದಿಲ್ಲಿಗೆ ಹೊರಟ ಗಾಡಿ ಸೊಲ್ಲಾಪುರ ದಾಟಿ ಮಧ್ಯಾಹ್ನದ ಹೊತ್ತಿಗೆ ನಮ್ಮೂರಿಗೆ ಬರುತ್ತಿತ್ತು. 1878ರಲ್ಲಿ ಹಾಕಿದ ಮನಮಾಡದ ಹಳಿ ಹಿಡಿಯಬೇಕಾದರೆ ಅದು ಬಂದ ದಿಕ್ಕಿಗೇ ಮುಖ ತಿರುಗಿಸಬೇಕು. ಎಂಜಿನ್ ಕಳಚಿ ಬಾಲಕ್ಕೆ ಕಟ್ಟಬೇಕು, ಬಾಲವೇ ತಲೆಯಾಗಬೇಕು. ಇಷ್ಟಕ್ಕೆ ಹೆಚ್ಚುಕಮ್ಮಿ ಅರ್ಧ ತಾಸು. ಗಾಡಿ ಬಂತೆಂದರೆ ಅವ್ವ ಪಾತೇಲಿಯ ಬಾಯಿಗೆ ಚಪಾತಿ ಹಿಟ್ಟು ಮೆತ್ತಿ, ಕೆಳಗೆ ಹಂಚು ಇಟ್ಟು, ಉರಿ ಸಣ್ಣ ಮಾಡುವಳು. ಸೀಟಿ ಹೊಡೆದು ಹೊರಟರೆ ಮುಚ್ಚಳ ತೆಗೆಯುವುದು.

ಅವಳಿಗೆ ಬಿರ್ಯಾನಿ ಕಲಿಸಿದವರು ಎದುರು ಮನೆಯ ಖಾಲಾ. ಹಸಿ ಕೋಳಿಯನ್ನೇ ಮೊಸರು, ಪುದೀನ, ಕೆಂಪಗೆ ಕರಿದ ಉಳ್ಳಾಗಡ್ಡಿಯಲ್ಲಿ ನೆನೆಸಿ ತಳಕ್ಕೆ ಹಾಸಿ, ಮೇಲೆ ಮುಕ್ಕಾಲು ಬೆಂದ ಅನ್ನ ಹರಡುವ ಹೈದರಾಬಾದಿ ಪದ್ಧತಿ. ಮೊದಲ ಸಲ ಅವ್ವ ಅಂಬೆಮೊಹರ ಅಕ್ಕಿ ಹಾಕಿದಳು. ಮಾವಿನ ಹೂವಿನ ವಾಸನೆಯ, ಪುಣೆ ಸೀಮೆಯವರ ಹೆಮ್ಮೆಯ ಅಕ್ಕಿ. ಆದರೆ ಗಿಡ್ಡ, ಮೆತ್ತಗೆ, ಅಂಟುವ ಜಾತಿ. ಮುಚ್ಚಳ ತೆಗೆದರೆ ಒಳಗೆ ಕೋಳಿ ಹುಗ್ಗಿ. ಖಾಲಾ ಒಂದು ತುತ್ತು ಬಾಯಿಗಿಟ್ಟು, "ರುಚಿ ಏನೋ ಅದ, ಹೆಸರು ಬ್ಯಾರೆ ಇಡ್ರಿ" ಅಂದರು.

ಊರ ಪಕ್ಕದ ಭೀಮಾ ನದಿ ಉಜನಿ, ಪಂಢರಪುರ ಮುಟ್ಟಿ ಅವ್ವನ ತವರು ಅಫಜಲಪುರದ ಕಡೆಗೇ ಹೋಗುತ್ತದೆ. ಅಕ್ಕಿ ತೊಳೆದ ನೀರು ಚೆಲ್ಲುವಾಗ, "ಹೋಗು, ನಮ್ಮವ್ವಗ ಬಿರ್ಯಾನಿ ಮಾಡೀನಂತ ಹೇಳು" ಅನ್ನುವಳು. ಅಜ್ಜಿ ಗಾಣಗಾಪುರಕ್ಕೆ ನಡಕೊಳ್ಳುವವಳು, ಕೋಳಿ ಮುಟ್ಟದವಳು. ಸುದ್ದಿ ತಲುಪದ್ದೇ ಒಳ್ಳೆಯದಾಯಿತು.

ಸೀಟಿಗೆ ಕಿವಿಗೊಡುವ ಕೆಲಸ ನನ್ನದು. ಒಂದು ಭಾನುವಾರ ಗೋಲಿಯಾಟದ ನಡುವೆ ಸೀಟಿ ಕೇಳಿ, "ಹೊಂಟಿತು!" ಎಂದು ಕೂಗಿದೆ. ಅವ್ವ ಹಿಟ್ಟು ಕಿತ್ತಳು. ಅನ್ನ ಪೂರ್ತಿ ಬೆಂದಿರಲಿಲ್ಲ, ಕೋಳಿ ಇನ್ನೂ ಹಸಿ. ರಾತ್ರಿ ಡ್ಯೂಟಿ ಮುಗಿಸಿ ಮಲಗಿದ್ದ ಗಾರ್ಡ್ ಅಪ್ಪ ಕಣ್ಣು ತೆರೆಯದೆ, "ಅದು ಮಾಲಗಾಡಿ" ಅಂದ. ಅವ್ವ ಮತ್ತೆ ಹಿಟ್ಟು ಮೆತ್ತುವಷ್ಟರಲ್ಲಿ ಬಾಗಿಲಲ್ಲಿ ಡ್ಯೂಟಿಗೆ ಕರೆಯಲು ಬರುವ ಕಾಲ್‌ಬಾಯ್‌ನ ಸೈಕಲ್ ಗಂಟೆ. ರೈಲ್ವೆಯ ಕರೆ ಬಂದ ಮೇಲೆ ಬಿರ್ಯಾನಿಯ ನೆಪ ನಡೆಯುವುದಿಲ್ಲ. ಅಪ್ಪ ಮೊಸರನ್ನದ ಡಬ್ಬಿ ಹಿಡಿದು ಹೋದ. ಅವನ ಪಾಲಿನ ಲೆಗ್‌ಪೀಸು ಮರುದಿನದವರೆಗೆ ಅವನಿಗಾಗಿ ಕಾದಿತ್ತು. ನಾನೂ ಕಾದೆ, ಲೆಗ್‌ಪೀಸಿಗಾಗಿ. ಬಂದವನು ಅದನ್ನು ನನ್ನ ತಾಟಿಗೇ ಹಾಕಿ, "ಇನ್ನ ಮ್ಯಾಲ ಕಿವಿ ಛಲೋ ಕೇಳಸ್ಲಿ" ಅಂದ.

ಈಗ ದೌಂಡಕ್ಕೆ ಕಾರ್ಡ್ ಲೈನ್ ಆಗಿದೆ. ಸೊಲ್ಲಾಪುರದಿಂದ ಮನಮಾಡಕ್ಕೆ ಹೋಗುವ ಗಾಡಿ ಅಲ್ಲಿಂದಲೇ ಹೊರಳಿ ಹೋಗಬಹುದು, ಎಂಜಿನ್ ತಿರುಗಿಸುವ ಉಸಾಬರಿ ಇಲ್ಲ. ರೈಲ್ವೆಗೆ ಉಳಿದ ಆ ಅರ್ಧ ತಾಸಿಗೆ ನಾನು ಮೊಬೈಲಿನಲ್ಲಿ ಟೈಮರ್ ಇಡುತ್ತೇನೆ. ಅದು ಹೊಡೆದುಕೊಂಡಾಗ ಕೈ ಮುಚ್ಚಳಕ್ಕೆ ಹೋಗುತ್ತದೆ, ಕಿವಿ ಮಾತ್ರ ಸ್ಟೇಷನ್ ಕಡೆಗೇ.

ನೀವು ಮಾಡುವುದಾದರೆ ಟೈಮರನ್ನೇ ನಂಬಿ. ಅಂಬೆಮೊಹರ ಮಾತ್ರ ಹಾಕಬೇಡಿ.