ಮೂರನೆಯ ಸಲ

‘ಛಲ ಬಿಡಬೇಡಿ’ ಎಂದು ಯುವಕರಿಗೆ ಉಪದೇಶಿಸುವುದು ನಮ್ಮಂಥ ಅಧ್ಯಾಪಕರ ಕಸುಬಿಗೇ ಅಂಟಿಕೊಂಡು ಬಂದ ಅಭ್ಯಾಸ. ಖರ್ಚಿಲ್ಲದ ದಾನ ಅದು. ಕೊಟ್ಟವನಿಗೆ ನಷ್ಟವಿಲ್ಲ, ಪಡೆದವನಿಗೆ ಅಷ್ಟೇನೂ ಲಾಭವೂ ಇಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಿಂದ ಬಸ್ಸು ಹತ್ತಿ ಬರುವ ನನ್ನ ವಿದ್ಯಾರ್ಥಿಗಳು ಅದನ್ನು ತಲೆದೂಗಿ ಕೇಳುತ್ತಾರೆ. ಗಂಟೆ ಹೊಡೆದೊಡನೆ ಬೆಂಚಿನ ಮೇಲೆಯೇ ಬಿಟ್ಟು ಹೋಗುತ್ತಾರೆ. ಆದ್ದರಿಂದ ಈಚೆಗೆ ನಾನು ಉಪದೇಶವನ್ನು ಬದಿಗಿಟ್ಟು, ನಮ್ಮ ಕಡೆಯವರೇ ಆದ ಗುರುರಾಜ ಪೂಜಾರಿಯವರ ಕಥೆಯನ್ನು ಹೇಳುತ್ತೇನೆ.

ವಂಡ್ಸೆಯ ಕಡೆಯ ಇವರು ಲಾರಿ ಚಾಲಕರೊಬ್ಬರ ಮಗ. ಮೊದಲು ಮನಸ್ಸಿದ್ದುದು ಕುಸ್ತಿಯ ಮೇಲೆ. ಉಜಿರೆಯಲ್ಲಿ ಕಾಲೇಜು ಓದುವಾಗ ಭಾರ ಎತ್ತುವುದರ ಕಡೆಗೆ ತಿರುಗಿದರು. ಮುಂದೆ ವಾಯುಪಡೆಯನ್ನು ಸೇರಿದರು. 2018ರ ಏಪ್ರಿಲಿನಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ, ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿದರು. ಬಳಿಕದ್ದು ಕ್ಲೀನ್ ಅಂಡ್ ಜರ್ಕ್. ಭಾರವನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತಬೇಕು. 138 ಕಿಲೋಗೆ ಕೈಹಾಕಿ ಒಮ್ಮೆ ಸೋತರು, ಇನ್ನೊಮ್ಮೆಯೂ ಸೋತರು. ಸೋತೆನೆಂದು ಭಾರವನ್ನು ಇಳಿಸಿಕೊಳ್ಳಲು ಈ ಆಟದಲ್ಲಿ ಅವಕಾಶವಿಲ್ಲ. ಮೂರು ಸರದಿಯೂ ತಪ್ಪಿದರೆ ಮೊದಲು ಎತ್ತಿದ 111 ಕೂಡ ಪದಕಕ್ಕೆ ಬಾರದು. ಮೂರನೆಯ ಸಲ ಅದೇ 138 ತಲೆಯ ಮೇಲೆ ನಿಂತಿತು. ಒಟ್ಟು 249 ಕಿಲೋ, ಬೆಳ್ಳಿ, ಆ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ.

ಅದೇ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಸಂಸ್ಥೆ ತೂಕದ ವಿಭಾಗಗಳನ್ನು ಬದಲಿಸಿತು; 56 ಕಿಲೋ ವಿಭಾಗವೇ ಇಲ್ಲವಾಯಿತು. ಕಲಿತ ಕೆಲಸದ ಮೇಜನ್ನೇ ಕಚೇರಿಯಿಂದ ಎತ್ತಿಕೊಂಡು ಹೋದ ಹಾಗೆ! ಗುರುರಾಜರು 61 ಕಿಲೋ ವಿಭಾಗಕ್ಕೆ ಹೋಗಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚು ಗೆದ್ದರು. ನಾಲ್ಕನೆಯವರು ಎತ್ತಿದ್ದು 268.

ಬೈಂದೂರಿನ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೇರಿದ ನಾಲ್ಕೇ ತಿಂಗಳಿಗೆ ಕೆಲಸ ಬಿಟ್ಟು ಬಂದಿದ್ದ. ಅವನಿಗೂ ಈ ಕಥೆಯನ್ನೇ ಹೇಳಿದೆ. ಅವನು ವಿನಯದಿಂದಲೇ ಕೇಳಿಕೊಂಡು ಹೇಳಿದ: “ಸರ್, ಅವರಿಗೆ ಮೂರು ಸರದಿ ಇತ್ತು. ನನ್ನ ಲೆಕ್ಕ ಒಮ್ಮೆ ತಪ್ಪಿದ್ದಕ್ಕೆ ಮ್ಯಾನೇಜರು ಎಲ್ಲರೆದುರು ಬೈದು, ಆ ಕೆಲಸವನ್ನೇ ಬೇರೆಯವರಿಗೆ ಕೊಟ್ಟರು.”

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಛಲವೆಂದರೆ ಒಬ್ಬನ ಎದೆಯೊಳಗಿನ ಸಂಗತಿಯೆಂದೇ ನಾವು ಹೇಳುತ್ತ ಬಂದಿದ್ದೇವೆ. ಆದರೆ ಎರಡು ಸಲ ಸೋತವನನ್ನು ಮತ್ತೆ ಕರೆಯುವ ನಿಯಮವೂ ಆ ಬೆಳ್ಳಿಯಲ್ಲಿ ಪಾಲುದಾರ. ಆ ನಿಯಮ ದಯೆ ತೋರಿ ಭಾರವನ್ನು ಒಂದು ಕಿಲೋ ಕೂಡ ತಗ್ಗಿಸುವುದಿಲ್ಲ, ನಿಜ. ಹಾಗೆಂದು ಬಾಗಿಲನ್ನೂ ಮುಚ್ಚುವುದಿಲ್ಲ. ನಮ್ಮ ಕಚೇರಿಗಳಲ್ಲಿ ಇದು ತಿರುಗುಮುರುಗಾಗಿದೆ: ಕೆಲವರಿಗೆ ಭಾರವನ್ನೇ ಇಳಿಸಿಕೊಡುತ್ತೇವೆ, ಉಳಿದವರಿಗೆ ಎರಡನೆಯ ಸರದಿಯನ್ನೇ ಕೊಡುವುದಿಲ್ಲ.

ಹುಡುಗ ಈಗ ಬ್ರಹ್ಮಾವರದಲ್ಲಿ ಬೇರೊಂದು ಕೆಲಸ ಹಿಡಿದಿದ್ದಾನೆ. ಅದೇ ಲೆಕ್ಕದ ಕೆಲಸ. ಅವನ ಪಾಲಿನ ಛಲವನ್ನು ಅವನು ತೋರಿಸಿದ್ದಾನೆ. ಉಳಿದದ್ದು ಮೇಲಧಿಕಾರಿಗಳಾಗಿರುವ ಓದುಗರ ಪಾಲಿನದು. ಭಾರ ಎತ್ತುವ ಕಣದಲ್ಲಿ, ಸೋತವನೇ ಬೆನ್ನಹಿಂದೆ ಮತ್ತೆ ಎತ್ತಬೇಕಾಗಿ ಬಂದರೆ ಅವನಿಗೆ ಎರಡು ನಿಮಿಷ ಬಿಡುವು ಕೊಡುತ್ತಾರೆ. ನಾಳೆ ನಿಮ್ಮ ಮೇಜಿಗೆ ತಪ್ಪು ಲೆಕ್ಕವೊಂದು ಬಂದಾಗ, ಸ್ವಾಮಿ, ಆ ಎರಡು ನಿಮಿಷವನ್ನು ನೆನೆಯಿರಿ.